ಪರದೇಶದಲ್ಲಿ ಒಂದು ವಿಶೇಷ ಭೋಜನ

ನಮ್ಮ ಹಿರಿಯರ ಕಾಲದಲ್ಲಿ ವಿವಾಹದ ವಾರ್ಷಿಕೋತ್ಸವವೆಂಬ ಆಚರಣೆಯೇ ಇರಲಿಲ್ಲ. ಅರವತ್ತು ತುಂಬಿದಾಗ ಷಷ್ಟ್ಯಬ್ದಿ ಪೂರ್ತಿ, ಎಪ್ಪತ್ತರಲ್ಲಿ ಭೀಮರಥ ಶಾಂತಿ, ಆಯುಸ್ಸು ಗಟ್ಟಿಯಾಗಿದ್ದರೆ ಸಹಸ್ರ ಚಂದ್ರ ದರ್ಶನ, ಇಷ್ಟೇ. ಮದುವೆಯಾದ ದಿನಾಂಕವು ಲಗ್ನಪತ್ರಿಕೆಯಲ್ಲಿ ಅಚ್ಚಾಗಿ, ಆ ಪತ್ರಿಕೆ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಹಳದಿಯಾಗುತ್ತಿತ್ತು. ಶಾಂತಿಕರ್ಮಗಳ ಊಟವಾದರೂ ಮನೆಯಂಗಳದಲ್ಲಿಯೋ ಛತ್ರದಲ್ಲಿಯೋ ಬಾಳೆಯೆಲೆಯ ಮೇಲೆ ನಡೆಯುತ್ತಿತ್ತು. ಹೋಟೆಲು ಎಂಬುದು ಮನೆಯಿಂದ ದೂರವಿದ್ದವನ ಹಸಿವಿಗೆ ಇದ್ದ ಏರ್ಪಾಡು. ಸಂಭ್ರಮಕ್ಕೂ ಹೋಟೆಲಿಗೂ ಯಾವ ನಂಟೂ ಇರಲಿಲ್ಲ.

ಕಾಲ ಬದಲಾಗಿದೆ. ನನ್ನ ಕೈಯಲ್ಲಿ ಏಳನೆಯ ತರಗತಿಯ ಸಮಾಜ ವಿಜ್ಞಾನ ಕಲಿತವರೇ ಈಗ ಬೆಳ್ಳಿಹಬ್ಬದ ಹೊಸ್ತಿಲಿನಲ್ಲಿದ್ದಾರೆ. ಅವರಲ್ಲಿ ಹಲವರು ಆ ದಿನ ಪ್ರವಾಸದಲ್ಲಿರುತ್ತಾರೆ. "ಸಾರ್, ನೀವು ಅಮೆರಿಕೆಯಲ್ಲಿ ನಿಮ್ಮ ನಲವತ್ತನೆಯ ವರ್ಷದ ಊಟ ಮಾಡಿದ್ದಿರಂತೆ, ಎಲ್ಲಿಗೆ ಹೋಗಿದ್ದಿರಿ, ಹೇಗೆ ಆರಿಸಿದಿರಿ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಎಲ್ಲರಿಗೂ ದೂರವಾಣಿಯಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮೇಷ್ಟ್ರ ಚಟ ಬಿಡುವುದಿಲ್ಲ. ಸ್ವಲ್ಪ ಚರಿತ್ರೆಯೊಂದಿಗೆ ಆರಂಭಿಸುತ್ತೇನೆ, ಸಹಿಸಿಕೊಳ್ಳಿ.

'ರೆಸ್ಟೋರೆಂಟ್' ಎಂಬುದು ಮೂಲತಃ ಫ್ರೆಂಚ್ ಶಬ್ದ. 'ಪುನಃ ಚೇತರಿಸುವಂತೆ ಮಾಡುವುದು' ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ಅದು ಒಂದು ಸ್ಥಳದ ಹೆಸರಾಗಿರಲಿಲ್ಲ, ಒಂದು ಪದಾರ್ಥದ ಹೆಸರಾಗಿತ್ತು. ನಿಶ್ಶಕ್ತರಾದವರಿಗೆ ಕೊಡುತ್ತಿದ್ದ ಪುಷ್ಟಿದಾಯಕ ಸಾರಿಗೆ ಹಾಗೆನ್ನುತ್ತಿದ್ದರು. ಅದನ್ನು ಮಾರುವ ಅಂಗಡಿಗೂ ಕ್ರಮೇಣ ಅದೇ ಹೆಸರು ಅಂಟಿತು. ಅದಕ್ಕೂ ಮೊದಲು ಯೂರೋಪಿನ ಪ್ರಯಾಣಿಕನು ವಸತಿಗೃಹದಲ್ಲಿ ಗೊತ್ತಾದ ಹೊತ್ತಿಗೆ, ಅಪರಿಚಿತರೊಂದಿಗೆ ಒಂದೇ ಉದ್ದನೆಯ ಮೇಜಿನ ಮುಂದೆ ಕುಳಿತು, ಬಡಿಸಿದ್ದನ್ನು ಉಣ್ಣಬೇಕಿತ್ತು. ತನಗೆ ಬೇಕಾದ ಹೊತ್ತಿಗೆ, ತನ್ನದೇ ಮೇಜಿನಲ್ಲಿ, ಬೆಲೆ ಬರೆದ ಪಟ್ಟಿಯನ್ನು ನೋಡಿ ತನಗೆ ಬೇಕಾದುದನ್ನು ಕೇಳಿ ಪಡೆಯುವುದು ಅಂದಿಗೆ ಹೊಸ ಸಂಗತಿ. ಉಣ್ಣುವವನ ಇಷ್ಟವನ್ನು ಕೇಳುವುದರಿಂದಲೇ ಈ ಸಂಸ್ಥೆ ಹುಟ್ಟಿತು ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ನಕ್ಷತ್ರಗಳ ವಿಚಾರ. ಫ್ರಾನ್ಸಿನ ಮಿಶೆಲಿನ್ ಎಂಬ ಟೈರು ತಯಾರಕ ಸಹೋದರರು 1900ರಲ್ಲಿ ವಾಹನ ಚಾಲಕರಿಗಾಗಿ ಒಂದು ಕೈಪಿಡಿಯನ್ನು ಹೊರತಂದರು. ಜನ ಹೆಚ್ಚು ತಿರುಗಾಡಿದರೆ ಟೈರು ಹೆಚ್ಚು ಸವೆಯುತ್ತದೆ, ವ್ಯಾಪಾರ ವೃದ್ಧಿಯಾಗುತ್ತದೆ ಎಂಬುದು ಅದರ ಹಿಂದಿನ ಜಾಣತನ. 1926ರಲ್ಲಿ ಒಳ್ಳೆಯ ಊಟದ ಮನೆಗಳಿಗೆ ನಕ್ಷತ್ರ ಕೊಡಲು ಆರಂಭಿಸಿದರು. 1931ರಲ್ಲಿ ಅದನ್ನು ಒಂದು, ಎರಡು, ಮೂರು ಎಂದು ವಿಂಗಡಿಸಿದರು. ಒಂದು ನಕ್ಷತ್ರವೆಂದರೆ ಆ ದರ್ಜೆಯಲ್ಲಿ ಬಹಳ ಒಳ್ಳೆಯದು, ಎರಡೆಂದರೆ ದಾರಿ ಬದಲಿಸಿಕೊಂಡಾದರೂ ಹೋಗಬೇಕಾದದ್ದು, ಮೂರೆಂದರೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದಾದದ್ದು. ನಕ್ಷತ್ರವು ತಟ್ಟೆಯಲ್ಲಿರುವ ಅಡುಗೆಗೆ ಸಲ್ಲುವ ಮಾನ್ಯತೆ. ಕುಳಿತು ಉಣ್ಣುವವರು ಯಾರು, ಅವರಿಗೆ ಏನು ಒಗ್ಗುತ್ತದೆ ಎಂಬುದು ಆ ಕೈಪಿಡಿಗೆ ತಿಳಿಯುವಂತಿಲ್ಲ.

ಈಗ ನಮ್ಮ ಕಥೆಗೆ ಬರೋಣ. ನಮ್ಮ ವಿವಾಹವಾದದ್ದು 1979ರ ಮೇ 3ರಂದು. 2019ರ ಬೇಸಿಗೆಯಲ್ಲಿ ನಾವಿಬ್ಬರೂ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಯುಗಾದಿಯ ಮರುವಾರವೇ ಮಗ ಪ್ರಸ್ತಾಪ ಮಾಡಿದ. "ಅಪ್ಪ, ನಿಮ್ಮ ನಲವತ್ತನೇ ವರ್ಷಕ್ಕೆ ನಿಮ್ಮಿಬ್ಬರನ್ನೂ ಒಂದು ಜಾಗಕ್ಕೆ ಕಳಿಸ್ತೀನಿ. ಅದು ಇಡೀ ದೇಶಕ್ಕೇ ಹೆಸರುವಾಸಿ. ನೀವು ಬೇಡ ಅನ್ನಬಾರದು" ಎಂದ.

ಅವನು ಹೇಳಿದ್ದು ನಾಪಾ ಕಣಿವೆಯ ಯೌಂಟ್‌ವಿಲ್ ಎಂಬ ಪುಟ್ಟ ಊರಿನ 'ಫ್ರೆಂಚ್ ಲಾಂಡ್ರಿ'ಯನ್ನು. ಹೆಸರು ಕೇಳಿ ನನ್ನ ಶ್ರೀಮತಿ, "ಬಟ್ಟೆ ಒಗೆಯೋ ಕಡೆ ಊಟಾನಾ?" ಎಂದು ನಕ್ಕಳು. ಅವಳ ಊಹೆ ಸರಿಯಾಗಿಯೇ ಇತ್ತು. ಕಲ್ಲು ಮತ್ತು ಮರದ ಆ ಹಳೆಯ ಕಟ್ಟಡದಲ್ಲಿ 1920ರ ದಶಕದಲ್ಲಿ ಉಗಿಯಿಂದ ಬಟ್ಟೆ ಮಡಿ ಮಾಡುವ ಲಾಂಡ್ರಿಯೇ ಇತ್ತಂತೆ. 1978ರಲ್ಲಿ ಒಬ್ಬ ದಂಪತಿಗಳು ಅದನ್ನು ಊಟದ ಮನೆಯಾಗಿಸಿದರು. 1994ರಲ್ಲಿ ಥಾಮಸ್ ಕೆಲ್ಲರ್ ಎಂಬ ಪಾಕಪ್ರವೀಣರು ಕೊಂಡರು. ಮಿಶೆಲಿನ್ ಕೈಪಿಡಿ 2006ರಲ್ಲಿ ಆ ಸೀಮೆಗೆ ಕಾಲಿಟ್ಟಾಗ ಮೊದಲ ಪಟ್ಟಿಯಲ್ಲಿಯೇ ಇದಕ್ಕೆ ಮೂರು ನಕ್ಷತ್ರಗಳು ಸಂದವು. ರಸ್ತೆಯ ಆಚೆಗೆ ಅವರದೇ ಕಾಯಿಪಲ್ಯದ ತೋಟವಿದೆ. ಪ್ರತಿದಿನ ಒಂಬತ್ತು ಸುತ್ತಿನ ಎರಡು ಊಟಗಳು, ಅವುಗಳಲ್ಲಿ ಒಂದು ಪೂರ್ತಿ ತರಕಾರಿಯದು. ನಮ್ಮಂಥ ಸಸ್ಯಾಹಾರಿಗಳಿಗೆ ಇದು ಸಣ್ಣ ಸಂಗತಿಯಲ್ಲ. ಮಗ ಸುಮ್ಮನೆ ಹೆಸರಿಗೆ ಮರುಳಾಗಿ ಆರಿಸಿದ್ದಲ್ಲ. ನಮ್ಮ ಆಹಾರಪದ್ಧತಿಯನ್ನು ಯೋಚಿಸಿಯೇ ಆರಿಸಿದ್ದ.

ಅಲ್ಲಿ ಆಗ ತಲೆಗೆ ಮುನ್ನೂರು ಡಾಲರಿಗೂ ಮಿಗಿಲಾಗಿತ್ತು. ಆಗಿನ ಲೆಕ್ಕದಲ್ಲಿ ಡಾಲರಿಗೆ ಸುಮಾರು ಎಪ್ಪತ್ತು ರೂಪಾಯಿ. ಇಬ್ಬರ ಊಟಕ್ಕೆ ನಲವತ್ತು ಸಾವಿರ ರೂಪಾಯಿ ದಾಟುತ್ತಿತ್ತು. ನಾಟಕದ ಟಿಕೆಟ್ಟಿನಂತೆ ಹಣವನ್ನು ಮುಂಗಡವಾಗಿಯೇ ಕಟ್ಟಬೇಕು. ಗಂಡಸರು ಕೋಟು ತೊಡುವುದು ಆಗ ಕಡ್ಡಾಯವಾಗಿತ್ತು. ನನ್ನ ಬಳಿ ಇದ್ದ ಒಂದೇ ಕೋಟು ಊರಿನ ಬೀರುವಿನಲ್ಲಿತ್ತು. ಆದರೆ ಇವು ಯಾವುವೂ ದೊಡ್ಡ ಅಡ್ಡಿಗಳಲ್ಲ. ದುಡಿಯುವ ಮಗ ಸಂತೋಷದಿಂದ ಖರ್ಚು ಮಾಡುವಾಗ ತಂದೆಯಾದವನು ಪಿಂಚಣಿಯ ಲೆಕ್ಕ ತೆಗೆದು ಕೂರಬಾರದು. ಕೋಟನ್ನು ಎರವಲು ತರಬಹುದಿತ್ತು.

ನಿಜವಾದ ತೊಡಕು ಬೇರೆಯದಿತ್ತು. ನನ್ನ ಶ್ರೀಮತಿಗೆ 2012ರಿಂದ ಗ್ಲಾಕೋಮಾ ಇದೆ. ಕಣ್ಣಿನಿಂದ ಮಿದುಳಿಗೆ ನೋಟವನ್ನು ಒಯ್ಯುವ ನರವು ಕ್ರಮೇಣ ನಶಿಸುವ ಕಾಯಿಲೆ ಇದು. ಸಾಮಾನ್ಯವಾಗಿ ಕಣ್ಣಿನ ಒಳಗಿನ ಒತ್ತಡ ಇದರ ಮುಖ್ಯ ಕಾರಣ. ನೋವಿಲ್ಲ, ಕೆಂಪಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ, ಎದುರಿನದು ಕಾಣುತ್ತಲೇ ಇರುವುದರಿಂದ ರೋಗಿಗೆ ತಿಳಿಯುವುದೇ ತಡ. ಹೋದ ದೃಷ್ಟಿ ಮರಳಿ ಬರುವುದಿಲ್ಲ. ಹನಿ ಔಷಧಿಯಿಂದ ಉಳಿದದ್ದನ್ನು ಕಾಪಾಡಿಕೊಳ್ಳುವುದಷ್ಟೇ. 2019ರ ಹೊತ್ತಿಗೆ ಅವಳ ಎಡಗಣ್ಣು ಬಹುತೇಕ ಹೋಗಿತ್ತು, ಬಲಗಣ್ಣಿನ ನೋಟ ಕಿರಿದಾಗುತ್ತಿತ್ತು. ಮಂದ ಬೆಳಕಿನಲ್ಲಿ ಅವಳಿಗೆ ಮೆಟ್ಟಿಲು ಕಾಣುತ್ತಿರಲಿಲ್ಲ, ಬಿಳಿಯ ತಟ್ಟೆಯಲ್ಲಿ ಮೊಸರನ್ನವೂ ಕಾಣುತ್ತಿರಲಿಲ್ಲ. ಇದನ್ನು ಅವಳು ಯಾರೊಂದಿಗೂ ಹೇಳಿಕೊಳ್ಳುತ್ತಿರಲಿಲ್ಲ. ಹಬ್ಬದ ಮನೆಗಳಲ್ಲಿ ಬೆರಳ ತುದಿಯಿಂದ ಎಲೆಯನ್ನು ಮೆಲ್ಲನೆ ಸವರಿ ಯಾವುದು ಎಲ್ಲಿದೆಯೆಂದು ಕಂಡುಕೊಳ್ಳುತ್ತಿದ್ದಳು. ಕೈಯಲ್ಲಿ ಉಣ್ಣುವ ನಮ್ಮ ಪದ್ಧತಿಯ ಈ ಉಪಕಾರ ಫೋರ್ಕು ಚಾಕುಗಳ ಮೇಜಿನಲ್ಲಿ ಸಿಗುವುದಿಲ್ಲ.

ಮಗನಿಗೆ ಸಿಗಬಹುದಾಗಿದ್ದದ್ದು ರಾತ್ರಿ ಎಂಟೂವರೆಯ ಸರದಿ. ಒಂಬತ್ತು ಸುತ್ತಿನ ಊಟವೆಂದರೆ ಮೂರು ಗಂಟೆಗೆ ಕಡಿಮೆಯಿಲ್ಲ. ಅನಂತರ ಕತ್ತಲೆಯಲ್ಲಿ ಎರಡು ಗಂಟೆಯ ಪ್ರಯಾಣ. ದೊಡ್ಡ ಊಟದ ಮನೆಗಳಲ್ಲಿ ರಾತ್ರಿಯ ದೀಪಗಳನ್ನು ಮಂದವಾಗಿಡುವುದು ಒಂದು ಮರ್ಯಾದೆಯೆಂಬುದು ನಿಮಗೆ ಗೊತ್ತು. ಅಲ್ಲಿ ಒಂದೊಂದು ತಟ್ಟೆಯೂ ಚಿತ್ರದಂತೆ ಬರುತ್ತದೆ. ಕೊಡುವ ಹಣದಲ್ಲಿ ಒಂದು ಪಾಲು ಆ ಚಿತ್ರಕ್ಕೇ ಸೇರುತ್ತದೆ.

ಹಣ ಕಟ್ಟುವ ಮುನ್ನಾದಿನ ಮಗ ಅಡುಗೆಮನೆಯ ಮೇಜಿನ ಮುಂದೆ ಗಣಕಯಂತ್ರ ಹಿಡಿದು ಕುಳಿತು, ಅಲ್ಲಿನ ಭಕ್ಷ್ಯಗಳ ಚಿತ್ರಗಳನ್ನು ತಾಯಿಗೆ ತೋರಿಸುತ್ತಿದ್ದ. ಅವಳು ಒಂದೆರಡನ್ನು ನೋಡಿ ಕನ್ನಡಕ ತೆಗೆದಿಟ್ಟಳು.

"ಇಷ್ಟೊಂದು ಚೆನ್ನಾಗಿ ಮಾಡಿರ್ತಾರಲ್ಲಪ್ಪ, ರಾತ್ರಿ ಹೊತ್ತು ನನಗೇನು ಕಾಣುತ್ತೆ? ನಿಮ್ಮಪ್ಪ ಪಕ್ಕದಲ್ಲಿ ಕೂತು, ಇದು ಕ್ಯಾರೆಟ್ಟು, ಇದು ಬೀಟ್‌ರೂಟು ಅಂತ ಪಾಠ ಹೇಳಬೇಕು. ನನಗೆ ಕಾಣೋ ಕಡೆ ಕರ್ಕೊಂಡು ಹೋಗು. ಮತ್ತೆ, ನಾವಿಬ್ಬರೇ ಬೇಡ. ನೀವಿಬ್ಬರೂ ಬನ್ನಿ."

ಮಗ ಏನೂ ಹೇಳಲಿಲ್ಲ. ಗಣಕಯಂತ್ರವನ್ನು ಮುಚ್ಚಿ ಎದ್ದು ಹೋದ. ಅವನಿಗೆ ನೋವಾಗಿತ್ತು, ಉಡುಗೊರೆ ನಿರಾಕೃತವಾಯಿತೆಂದಲ್ಲ, ತಾಯಿಯ ದೃಷ್ಟಿ ಅಷ್ಟರಮಟ್ಟಿಗೆ ಇಳಿದಿದೆಯೆಂಬುದು ಅವನಿಗೆ ತಿಳಿದದ್ದು ಆಗಲೇ. ಸಾವಿರಾರು ಮೈಲಿ ದೂರದಿಂದ ವಾರಕ್ಕೊಮ್ಮೆ ಮಾತನಾಡುವ ಮಕ್ಕಳಿಗೆ ಧ್ವನಿ ಕೇಳುತ್ತದೆ. ಕೈ ತಡವರಿಸುವುದು ಕಾಣುವುದಿಲ್ಲ. ಅಂದು ರಾತ್ರಿ ಅವನ ಕೋಣೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು.

ಮಾರನೆಯ ದಿನದಿಂದ ನಮ್ಮ ಸೊಸೆ ಹುಡುಕುವ ಕೆಲಸವನ್ನು ವಹಿಸಿಕೊಂಡಳು. ಬರ್ಕ್ಲಿಯಲ್ಲಿರುವ 'ಶೇ ಪಾನಿಸ್' ಮೊದಲು ಪರಿಶೀಲನೆಗೆ ಬಂತು. ಆಲಿಸ್ ವಾಟರ್ಸ್ ಎಂಬ ಮಹಿಳೆ 1971ರ ಆಗಸ್ಟ್ 28ರಂದು ತೆರೆದ ಆ ಮನೆಯು, ಹತ್ತಿರದ ರೈತರ ತಾಜಾ ಬೆಳೆಯನ್ನು ಆಯಾ ಋತುವಿನಲ್ಲೇ ಬಳಸಬೇಕೆಂಬ ಪದ್ಧತಿಯನ್ನು ಅಮೆರಿಕೆಗೆ ಕಲಿಸಿತೆಂದು ಹೇಳುತ್ತಾರೆ. ಆದರೆ ಅದರ ಕೆಳಮಹಡಿಯಲ್ಲಿ ಊಟ ರಾತ್ರಿಗಷ್ಟೇ, ದಿನಕ್ಕೊಂದೇ ಗೊತ್ತಾದ ಅಡುಗೆ. ಹಗಲಿನ ಊಟ ಕೊಡುವ ಭಾಗಕ್ಕೆ ಮೆಟ್ಟಿಲು ಹತ್ತಬೇಕು. ಬಂಧುಗಳೊಬ್ಬರು, "ಇಷ್ಟೆಲ್ಲ ಯಾಕೆ, ಇಲ್ಲೇ ರಸ್ತೆಯಲ್ಲಿ ಮಸಾಲೆದೋಸೆ ತಿಂದು ಬನ್ನಿ" ಎಂದರು. ಅದಕ್ಕೆ ಶ್ರೀಮತಿ ಒಪ್ಪಲಿಲ್ಲ. "ನಲವತ್ತು ವರ್ಷ ದೋಸೆ ಹುಯ್ದಿದ್ದೀನಿ, ಅವತ್ತೂ ಅದೇನಾ?" ಎಂದಳು. ನ್ಯಾಯವಾದ ಮಾತು.

ಕೊನೆಗೆ ಸೊಸೆ ಕಂಡುಹಿಡಿದದ್ದು ಸ್ಯಾನ್ ಫ್ರಾನ್ಸಿಸ್ಕೋದ ಕಡಲಂಚಿನ ಫೋರ್ಟ್ ಮೇಸನ್‌ನಲ್ಲಿರುವ 'ಗ್ರೀನ್ಸ್' ಎಂಬ ಸಸ್ಯಾಹಾರಿ ರೆಸ್ಟೋರೆಂಟನ್ನು. ಫೋರ್ಟ್ ಮೇಸನ್ ಒಂದು ಕಾಲಕ್ಕೆ ಸೇನಾ ಬಂದರು. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ರಣರಂಗಕ್ಕೆ ಹೊರಟ ಹದಿನಾರು ಲಕ್ಷಕ್ಕೂ ಹೆಚ್ಚು ಸೈನಿಕರು ಹಡಗು ಹತ್ತಿದ್ದು ಇಲ್ಲಿಂದ ನಿರ್ವಹಿಸಲ್ಪಟ್ಟ ಬಂದರು ವ್ಯವಸ್ಥೆಯ ಮೂಲಕ. ಯುದ್ಧಗಳು ಮುಗಿದ ಮೇಲೆ ಆ ಗೋದಾಮುಗಳು ಕಲೆ ಸಂಸ್ಕೃತಿಗಳ ಕೇಂದ್ರವಾದವು. ಅವುಗಳಲ್ಲೊಂದರಲ್ಲಿ ಅಲ್ಲಿನ ಜೆನ್ ಬೌದ್ಧ ಕೇಂದ್ರದವರು ಈ ಊಟದ ಮನೆಯನ್ನು ತೆರೆದರು. ಜಪಾನಿನಿಂದ ಬಂದ ಶುನ್ರ್ಯು ಸುಜುಕಿ ಎಂಬ ಭಿಕ್ಷುಗಳು ಸ್ಥಾಪಿಸಿದ ಕೇಂದ್ರವದು. ಮೊದಮೊದಲು ಅಡುಗೆ ಮಾಡಿದವರೂ ಬಡಿಸಿದವರೂ ಧ್ಯಾನ ಕಲಿಯಲು ಬಂದ ಶಿಷ್ಯರೇ. ಡೆಬೊರಾ ಮ್ಯಾಡಿಸನ್ ಎಂಬಾಕೆ ಮೊದಲ ಮುಖ್ಯ ಪಾಕತಜ್ಞೆ. ಅನಂತರ ಆನಿ ಸಾಮರ್‌ವಿಲ್ ದಶಕಗಳ ಕಾಲ ನಡೆಸಿದರು. ತರಕಾರಿಗಳು ಬರುತ್ತಿದ್ದುದು ಸೇತುವೆಯಾಚೆಯ ಗ್ರೀನ್ ಗಲ್ಚ್ ಎಂಬ ಅವರದೇ ತೋಟದಿಂದ. ಮಾಂಸದ ಬದಲಿಗೆ ಏನು ಎಂದು ಕೇಳದೆ, ತರಕಾರಿಯನ್ನೇ ಊಟದ ಯಜಮಾನನನ್ನಾಗಿ ಮಾಡಿದ ಮನೆ ಇದೆಂದು ಆ ದೇಶದಲ್ಲಿ ಹೆಸರು. ಇದಕ್ಕೆ ಮೂರು ನಕ್ಷತ್ರಗಳಿರಲಿಲ್ಲ. ಆದರೆ ಇದು ತೆರೆದದ್ದು 1979ರಲ್ಲಿ, ನಮ್ಮ ಮದುವೆಯಾದ ವರ್ಷವೇ.

ಇಸವಿ ಕಾಕತಾಳೀಯ. ನಮ್ಮನ್ನು ಒಪ್ಪಿಸಿದ್ದು ಅಲ್ಲಿನ ಕಿಟಕಿಗಳು. ಗೋದಾಮಿನ ಒಂದು ಪಾರ್ಶ್ವವೆಲ್ಲ ನೆಲದಿಂದ ಬಹು ಎತ್ತರದವರೆಗೆ ಗಾಜು. ಹೊರಗೆ ದೋಣಿಗಳ ತಂಗುದಾಣ, ಕೊಲ್ಲಿಯ ನೀರು, ಅದರಾಚೆ ಗೋಲ್ಡನ್ ಗೇಟ್ ಸೇತುವೆ. ಸೊಸೆ ಅಲ್ಲಿಗೆ ದೂರವಾಣಿ ಮಾಡಿ ಕೇಳಿದ ಪ್ರಶ್ನೆಗಳನ್ನು ನಾನು ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡೆ. ಯಾವ ಹೊತ್ತಿನಲ್ಲಿ ಬೆಳಕು ಚೆನ್ನಾಗಿರುತ್ತದೆ? ಬಿಸಿಲು ಕಣ್ಣಿಗೆ ಹೊಡೆಯದ ಮೇಜು ಯಾವುದು? ಬಾಗಿಲಿನಿಂದ ಮೇಜಿನವರೆಗೆ ಮೆಟ್ಟಿಲುಗಳಿವೆಯೇ? ಬಣ್ಣದ ತಟ್ಟೆಯಲ್ಲಿ ಬಡಿಸಲು ಸಾಧ್ಯವೇ? ಭಕ್ಷ್ಯಪಟ್ಟಿಯನ್ನು ಮೊದಲೇ ಕಳುಹಿಸಿದರೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಳ್ಳುತ್ತೇವೆ, ಆಗಬಹುದೇ? ಅತ್ತ ಕಡೆಯವರು ಒಂದೊಂದಕ್ಕೂ ಸಾವಧಾನದಿಂದ ಉತ್ತರಿಸಿದರು. ಕಣ್ಣು ಕಾಣದ ಅತ್ತೆಗಾಗಿ ಎಂದು ಆಕೆ ಹೇಳಲಿಲ್ಲ. "ನೋಡುವುದಕ್ಕಾಗಿಯೇ ಬರುತ್ತಿದ್ದಾರೆ" ಎಂದು ಹೇಳಿದಳು. ನಲವತ್ತು ವರ್ಷದಲ್ಲಿ ನನ್ನ ಶ್ರೀಮತಿ ಗಳಿಸಿದ ಸಂಪತ್ತೇನೆಂದು ಯಾರಾದರೂ ಕೇಳಿದರೆ ನಾನು ಈ ವಾಕ್ಯವನ್ನು ಹೇಳುತ್ತೇನೆ.

ಮೇ 3 ಶುಕ್ರವಾರ. ಮಧ್ಯಾಹ್ನದ ಊಟಕ್ಕೆ ನಾಲ್ವರೂ ಹೋದೆವು. ಆಕೆ ಮದುವೆಯ ಸೀರೆಯನ್ನು ಊರಿನಿಂದ ತಂದಿದ್ದಳು. ಅದರ ಜರಿ ಕಪ್ಪಾಗಿದ್ದರೂ ಹಸಿರು ಹಾಗೆಯೇ ಇತ್ತು. ನಾನು ಪಂಚೆ ಶಲ್ಯದಲ್ಲಿ ಹೋದೆ, ಯಾರೂ ಕೋಟು ಕೇಳಲಿಲ್ಲ. ಒಳಗೆ ಹೋದೊಡನೆ ರೆಡ್‌ವುಡ್ ಮರದ ಬೃಹತ್ತಾದ ಬೊಡ್ಡೆಯನ್ನು ಕೆತ್ತಿ ಮಾಡಿದ ಆಸನವಿತ್ತು, ಜೆ. ಬಿ. ಬ್ಲಂಕ್ ಎಂಬ ಶಿಲ್ಪಿಯ ಕೆಲಸ. ಅವಳು ಅದನ್ನು ಎರಡೂ ಕೈಗಳಿಂದ ಮುಟ್ಟಿ ನೋಡಿದಳು.

ಆದರೆ ಕಿಟಕಿಯ ಹೊರಗೆ ಮಂಜು. ಆ ಊರಿನ ಮಂಜು ಪ್ರಸಿದ್ಧವಾದದ್ದು; ಒಳನಾಡು ಕಾದಾಗ ತಣ್ಣನೆಯ ಕಡಲಗಾಳಿ ಆ ಸೇತುವೆಯ ಕಂಡಿಯಿಂದಲೇ ಒಳನುಗ್ಗುತ್ತದೆ. ದೋಣಿಗಳ ಕಂಬಗಳು ಕಾಣುತ್ತಿದ್ದವು, ಸೇತುವೆಯ ಸುಳಿವಿಲ್ಲ. ಮಗನ ಮುಖ ಬಾಡಿತು. ಅವಳು ಮಾತ್ರ, "ಇರಲಿ ಬಿಡೋ, ತಟ್ಟೆ ಕಾಣುತ್ತಲ್ಲ" ಎಂದಳು. ನಿಜಕ್ಕೂ ಕಾಣುತ್ತಿತ್ತು. ಗಾಢನೀಲಿಯ ತಟ್ಟೆಗಳಲ್ಲಿ ಬಡಿಸಿದ್ದರು. ಸುಟ್ಟ ಮೆಣಸಿನಕಾಯಿಯ ಘಮವಿದ್ದ ಕಪ್ಪು ಕಾಳಿನ ಗಟ್ಟಿ ಸಾರು ಅವಳಿಗೆ ಬಹಳ ಹಿಡಿಸಿತು. "ಹುರುಳಿಯ ಕಟ್ಟಿನ ಸಾರಿನ ಅಕ್ಕ ಇದು" ಎಂದಳು. ಎಳೆಯ ಆಸ್ಪರಾಗಸ್ ದಂಟುಗಳನ್ನು ಒಂದೊಂದಾಗಿ ಎತ್ತಿ, ತಾನೇ ನೋಡಿ, ತಾನೇ ಕತ್ತರಿಸಿ ತಿಂದಳು. ಅವಳಿಗೆ ಇದು ಏನು ಎಂದು ಹೇಳುವ ಪ್ರಸಂಗ ನನಗೆ ಒಮ್ಮೆಯೂ ಬರಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಮಂಜು ಅರ್ಧ ಎದ್ದಿತು. ಮೊದಲು ಒಂದು ಗೋಪುರದ ಬುಡ, ಆಮೇಲೆ ತೂಗುಹಗ್ಗದ ಇಳಿಜಾರು. 1937ರಲ್ಲಿ ತೆರೆದ, ಎರಡು ಗೋಪುರಗಳ ನಡುವೆ 4,200 ಅಡಿ ಅಂತರವಿರುವ ಆ ಸೇತುವೆಯ ಬಗ್ಗೆ ನಾನು ತರಗತಿಗಳಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಅವಳು ಬಲಗಣ್ಣನ್ನು ಆ ಕಡೆಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಕೊನೆಗೆ, "ಚಿನ್ನದ ಬಣ್ಣ ಅಂದುಕೊಂಡಿದ್ದೆ ರೀ, ಇದು ಕೆಮ್ಮಣ್ಣು. ನಮ್ಮ ತುಳಸಿಕಟ್ಟೆಗೆ ಬಳೀತಿದ್ವಲ್ಲ, ಅದೇ" ಎಂದಳು. ಮಂಜಿನಲ್ಲಿಯೂ ಎದ್ದು ಕಾಣಲೆಂದೇ ಆ ಬಣ್ಣವನ್ನು ಉಳಿಸಿಕೊಂಡರೆಂದು ನಾನು ವಿವರಿಸಿದೆ. ಮಗ ಕಿಟಕಿಯ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಬಿಲ್ಲನ್ನು ಅವನೇ ಕೊಟ್ಟ. ನಾಲ್ವರ ಊಟ ಫ್ರೆಂಚ್ ಲಾಂಡ್ರಿಯ ಒಬ್ಬರ ಊಟಕ್ಕಿಂತಲೂ ಬಹಳ ಕಡಿಮೆಯಾಯಿತು. ಆದರೆ ಅದಕ್ಕಾಗಿ ನಾವು ಅಲ್ಲಿಗೆ ಹೋಗಿದ್ದಲ್ಲ.

ಇನ್ನು, ಪ್ರಶ್ನೆ ಕೇಳಿದವರಿಗೆ ಉಪಯೋಗವಾಗುವ ಕೆಲವು ಮಾತುಗಳು. ಪಶ್ಚಿಮ ದೇಶಗಳಲ್ಲಿ ಸಸ್ಯಾಹಾರವೆಂದು ಬರೆದಿದ್ದರೂ ವಿಚಾರಿಸಿಕೊಳ್ಳಿ: ಸೂಪಿನ ನೀರು ಕೋಳಿಯದಾಗಿರಬಹುದು, ಸಿಹಿತಿಂಡಿಯಲ್ಲಿ ಜೆಲಾಟಿನ್ ಇರಬಹುದು, ಪಾರ್ಮೆಸಾನ್‌ನಂಥ ಗಿಣ್ಣಿಗೆ ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕುವುದು ಸಂಪ್ರದಾಯ. ಮೊಟ್ಟೆಯನ್ನು ಅಲ್ಲಿ ಸಸ್ಯಾಹಾರದಲ್ಲೇ ಸೇರಿಸುತ್ತಾರೆ. ಇದನ್ನು ಮೇಜಿನ ಮುಂದೆ ಕೇಳುವುದಕ್ಕಿಂತ ಕಾದಿರಿಸುವಾಗಲೇ ಕೇಳುವುದು ಉಭಯತ್ರರಿಗೂ ಹಿತ. ಅಮೆರಿಕೆಯಲ್ಲಿ ಪಟ್ಟಿಯ ಬೆಲೆಯ ಮೇಲೆ ಮಾರಾಟ ತೆರಿಗೆ ಬೀಳುತ್ತದೆ. ಬಡಿಸಿದವರಿಗೆ ಶೇಕಡಾ ಹದಿನೆಂಟರಿಂದ ಇಪ್ಪತ್ತು ಭಕ್ಷೀಸು ಕೊಡುವುದು ರೂಢಿ. ಕೆಲವೆಡೆ ಸೇವಾ ಶುಲ್ಕ ಬೆಲೆಯಲ್ಲೇ ಸೇರಿರುತ್ತದೆ, ಬಿಲ್ಲನ್ನು ಓದಿ. ಮುಂಗಡ ಕಟ್ಟಿದ ಹಣ ವಾಪಸು ಬರುವುದೇ ಎಂದು ತಿಳಿದುಕೊಳ್ಳಿ. ಹೆಸರಾಂತ ಮನೆಯ ಅಡುಗೆಯನ್ನು ಕಡಿಮೆ ಖರ್ಚಿನಲ್ಲಿ ಸವಿಯಬೇಕೆಂದರೆ ಮಧ್ಯಾಹ್ನದ ಊಟವೇ ಲೇಸು. ಎಲ್ಲಕ್ಕಿಂತ ಮೊದಲು, ಯಾರಿಗಾಗಿ ಹೋಗುತ್ತೀರೋ ಅವರನ್ನು ಕೇಳಿ. ಅಚ್ಚರಿಗೊಳಿಸುವ ಆಸೆಯನ್ನು ಹೂವಿಗೋ ಸೀರೆಗೋ ಇಟ್ಟುಕೊಳ್ಳಿ.

ನನ್ನ ಶ್ರೀಮತಿಯ ಬಲಗಣ್ಣಿನಲ್ಲಿ ಈಗ ಬೆಳಕಿನ ಅರಿವಷ್ಟೇ ಉಳಿದಿದೆ. ಈ ಬರಹವನ್ನು ಓದಿ ಹೇಳಿದಾಗ ಅವಳು ಎರಡು ತಿದ್ದುಪಡಿ ಸೂಚಿಸಿದಳು: ಅಂದು ತಟ್ಟೆಯ ಅಂಚಿನಲ್ಲಿ ಸಣ್ಣ ಹಳದಿ ಹೂವಿತ್ತಂತೆ, ಅದನ್ನು ನಾನು ಬಿಟ್ಟಿದ್ದೇನೆ, ಮತ್ತು ದೋಣಿಗಳಲ್ಲಿ ಒಂದರ ಹಾಯಿ ಕೆಂಪಾಗಿತ್ತಂತೆ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ.

ನಲವತ್ತು ದಾಟಿದ ನನ್ನ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಒತ್ತಡವನ್ನು ಪರೀಕ್ಷೆ ಮಾಡಿಸಿಕೊಳ್ಳಿ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆಯಿದ್ದರೆ ತಪ್ಪಿಸಲೇಬೇಡಿ. ಬೆಳ್ಳಿಹಬ್ಬ, ಮಾಣಿಕ್ಯಹಬ್ಬ ಆಚರಿಸಿಕೊಳ್ಳುವ ಎಲ್ಲ ದಂಪತಿಗಳಿಗೂ ನಮ್ಮಿಬ್ಬರ ಆಶೀರ್ವಾದಗಳು. ನೀವು ಎಲ್ಲಿ ಉಂಡಿರಿ, ಏನನ್ನು ಉಂಡಿರಿ ಎಂಬುದನ್ನು ಬರೆದು ತಿಳಿಸಿ. ನಾನು ಅವಳಿಗೆ ಓದಿ ಹೇಳುತ್ತೇನೆ.